ಟಿವಿಯೊಳಗೆ ಸಿಕ್ಕ ಹಳೆಯ ಹೆಸರು

ಈ ಸಲದ ಆಗಸ್ಟಿನಲ್ಲಿ ಊರಿಗೆ ಹೋಗಿದ್ದಾಗ ಎರಡು ದಿನ ಕರೆಂಟು ಇರಲಿಲ್ಲ. ಸೋಮವಾರಪೇಟೆಯಿಂದ ಆಚೆ ಶಾಂತಳ್ಳಿ ಕಡೆಯ ಮಳೆಗಾಲವನ್ನು ಬಲ್ಲವರಿಗೆ ಇದರಲ್ಲಿ ಹೊಸದೇನಿಲ್ಲ. ಎಲ್ಲೋ ಒಂದು ಮರ ಲೈನಿನ ಮೇಲೆ ಬಿದ್ದಿರುತ್ತದೆ, ಅದನ್ನು ಕಡಿದು ತೆಗೆಯುವ ಹೊತ್ತಿಗೆ ಇನ್ನೊಂದು ಬಿದ್ದಿರುತ್ತದೆ. ಮೂರನೆಯ ದಿನ ಸಂಜೆ ಕರೆಂಟು ಬಂದಾಗ ಅಮ್ಮ ಮೊದಲು ಮಾಡಿದ ಕೆಲಸವೆಂದರೆ ಟಿವಿ ಹಾಕಿದ್ದು. ಪರದೆಯ ಮೇಲೆ ಅಪ್‌ಡೇಟ್ ಮಾಡಲೇ ಎಂಬ ಪ್ರಶ್ನೆ ಬಂದು ನಿಂತಿತ್ತು. "ಏನೋ ಕೇಳ್ತಾ ಇದೆ ನೋಡು, ಹೂಂ ಅನ್ಲಾ ಬೇಡ ಅನ್ಲಾ" ಎಂದು ರಿಮೋಟನ್ನು ನನ್ನ ಕೈಗೆ ಕೊಟ್ಟಳು. ಉತ್ತರ ಕೊಡುವ ಮೊದಲು ಯಾವ ಆವೃತ್ತಿಯಿದೆ ನೋಡೋಣವೆಂದು ಪಟ್ಟಿಯಿಂದ ಪಟ್ಟಿಗೆ ಇಳಿಯುತ್ತಾ ಟಿವಿಯ ವಿವರಗಳಿರುವ ಪುಟಕ್ಕೆ ಬಂದೆ. ಅಲ್ಲಿ, ಒಂದು ಉದ್ದನೆಯ ಸಂಖ್ಯೆಯ ಪಕ್ಕದಲ್ಲಿ, ವೆಬ್‌ಓಎಸ್ ಎಂಬ ಹೆಸರಿತ್ತು.

ಈ ಹೆಸರು ಈಗ ಟಿವಿಗಳಲ್ಲಿರುವುದು ನನಗೆ ಗೊತ್ತಿಲ್ಲದ ಸಂಗತಿಯೇನಲ್ಲ. 2014ರಿಂದಲೂ ಅದು ಅಲ್ಲಿಯೇ ಇದೆ. ಆದರೂ ನಮ್ಮ ಮನೆಯ ಹಜಾರದಲ್ಲಿ, ಒದ್ದೆ ಕೊಡೆಗಳು ಮೂಲೆಯಲ್ಲಿ ನೀರಿಳಿಸುತ್ತಿರುವಾಗ, ಅದನ್ನು ಕಣ್ಣೆದುರು ಕಂಡು ಒಂಥರಾ ಆಯಿತು. ತಿಥಿ ಮಾಡಿ ಮುಗಿಸಿದ ನೆಂಟನೊಬ್ಬ ಬೇರೆ ಊರಿನಲ್ಲಿ ಅಂಗಡಿ ಇಟ್ಟುಕೊಂಡು ಚೆನ್ನಾಗಿಯೇ ಬಾಳುತ್ತಿದ್ದಾನೆಂದು ತಿಳಿದರೆ ಹೇಗಾಗಬಹುದೋ ಹಾಗೆ. ಪಾಮ್ ಎಂಬ ಅಮೆರಿಕದ ಕಂಪನಿ ತನ್ನ ಫೋನುಗಳಿಗಾಗಿ ಕಟ್ಟಿದ್ದ ಆಪರೇಟಿಂಗ್ ಸಿಸ್ಟಂ, ಅಂದರೆ ಫೋನನ್ನು ನಡೆಸುವ ಮೂಲ ಸಾಫ್ಟ್‌ವೇರ್, ಈ ವೆಬ್‌ಓಎಸ್. 2011ರಲ್ಲಿ ಅದು ಫೋನುಗಳ ಲೋಕದಿಂದ ಹೊರಬಿದ್ದಾಗ ನಾನು ಬೆಂಗಳೂರಿನಲ್ಲಿ ಮೊಬೈಲ್ ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸದಲ್ಲಿದ್ದೆ. ಆ ಕಾಲದಲ್ಲಿ ನಮ್ಮ ಮಧ್ಯಾಹ್ನದ ಊಟದ ಮೇಜಿನಲ್ಲಿ ಹೆಸರುಗಳು ಬದಲಾಗುತ್ತಿದ್ದವೇ ಹೊರತು ಚರ್ಚೆ ಬದಲಾಗುತ್ತಿರಲಿಲ್ಲ: ಏದುಸಿರು ಬಿಡುತ್ತಿರುವ ಈ ಆಪರೇಟಿಂಗ್ ಸಿಸ್ಟಂ ಅನ್ನು ಯಾವುದಾದರೂ ದೊಡ್ಡ ಕಂಪನಿ ಕೊಳ್ಳಬೇಕೇ, ಬೇಡವೇ? ಪಾಮ್ ಆಯಿತು, ನೋಕಿಯಾ ಆಯಿತು, ಬ್ಲ್ಯಾಕ್‌ಬೆರ್ರಿ ಆಯಿತು. ಪ್ರತಿ ಸಲವೂ ನಾನು 'ಕೊಳ್ಳಬೇಕು' ಎನ್ನುವ ಪಕ್ಷದವನು. ಒಳ್ಳೆಯ ವಸ್ತುವಿಗೆ ದುಡ್ಡಿನ ಆಸರೆ ಸಿಕ್ಕರೆ ಅದು ಉಳಿಯುತ್ತದೆ ಎಂಬುದೇ ನನ್ನ ವಾದದ ಒಟ್ಟು ಬಂಡವಾಳವಾಗಿತ್ತು. ಆ ವಾದದಲ್ಲಿ ನನಗೀಗ ನಂಬಿಕೆ ಉಳಿದಿಲ್ಲ. ಹಾಗೆಂದು ಎದುರು ಪಕ್ಷದವರ ವಾದವೂ ಪೂರ್ತಿ ಒಪ್ಪಿಗೆಯಾಗುವುದಿಲ್ಲ. ಈ ಬರಹ ಆ ಎರಡರ ನಡುವಿನದು.

ಮೇಲಕ್ಕೆ ಎಸೆದ ಕಾರ್ಡು

2011ರ ದಸರಾ ರಜೆಗೆ ಅಮೆರಿಕದಿಂದ ಬಂದ ಚಿಕ್ಕಮ್ಮನ ಮಗ ನನಗೊಂದು ಎಚ್‌ಪಿ ಟಚ್‌ಪ್ಯಾಡ್ ತಂದುಕೊಟ್ಟ. ಅದರ ಕತೆ ಹಲವರಿಗೆ ನೆನಪಿರಬಹುದು. ಆ ವರ್ಷದ ಜುಲೈ 1ರಂದು 499 ಡಾಲರ್ ಬೆಲೆಗೆ ಮಾರುಕಟ್ಟೆಗೆ ಬಂದ ಟ್ಯಾಬ್ಲೆಟ್ ಅದು; ಒಳಗಿದ್ದದ್ದು ಪಾಮ್ ಜೊತೆಗೇ ಎಚ್‌ಪಿ ಕೊಂಡಿದ್ದ ವೆಬ್‌ಓಎಸ್. ಆಗಸ್ಟ್ 18ರಂದು, ಏಳು ವಾರ ತುಂಬುವಷ್ಟರಲ್ಲಿ, ಕಂಪನಿಯೇ ಅದನ್ನು ಕೈಬಿಟ್ಟಿತು. ಉಳಿದ ದಾಸ್ತಾನನ್ನು 99 ಡಾಲರ್‌ಗೆ ಸುರಿದಾಗ ಜನ ಮುಗಿಬಿದ್ದು ಕೊಂಡರು. ಬದುಕಿದ್ದಾಗ ಯಾರೂ ಕೇಳದ ವಸ್ತುವಿಗೆ ಸತ್ತ ಮೇಲೆ ನೂಕುನುಗ್ಗಲು. ನಮ್ಮ ರೂಪಾಯಿಯಲ್ಲಿ ಐದು ಸಾವಿರದೊಳಗೆ ಬಂದ ಆ ಟ್ಯಾಬ್ಲೆಟನ್ನು ಊರಿನ ಮನೆಯ ಹಜಾರದಲ್ಲಿ ಬಿಚ್ಚಿದೆವು. ಹೊರಗೆ ಮಳೆ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಅಜ್ಜಿ ಕಾಲು ಚಾಚಿ ಕುಳಿತು ಅಡಿಕೆ ಕತ್ತರಿಸುತ್ತಿದ್ದಳು.

ವೆಬ್‌ಓಎಸ್‌ನಲ್ಲಿ ತೆರೆದಿಟ್ಟ ಪ್ರತಿಯೊಂದು ಆ್ಯಪ್ ಒಂದು ಕಾರ್ಡಿನಂತೆ ಕಾಣುತ್ತಿತ್ತು. ಇಸ್ಪೀಟು ಹರಡಿದಂತೆ ಅವನ್ನು ಪಕ್ಕಕ್ಕೆ ಸರಿಸುತ್ತಾ ಹೋಗಬಹುದಿತ್ತು. ಬೇಡವಾದದ್ದನ್ನು ಬೆರಳಿನಿಂದ ಮೇಲಕ್ಕೆ ಎಸೆದರೆ ಅದು ಪರದೆಯ ಅಂಚು ದಾಟಿ ಮಾಯವಾಗುತ್ತಿತ್ತು. ಯಾರೂ ಹೇಳಿಕೊಡದೆಯೇ ಅಕ್ಕನ ಆರು ವರ್ಷದ ಮಗಳು ಅದನ್ನು ಕಲಿತುಬಿಟ್ಟಳು. ಒಂದೊಂದೇ ಕಾರ್ಡು ತೆರೆಯುವುದು, ಒಂದೊಂದನ್ನೇ ಎಸೆಯುವುದು, ನಗುವುದು. ಅಜ್ಜಿ ಸ್ವಲ್ಪ ಹೊತ್ತು ನೋಡಿ, "ಎಸೆದದ್ದು ಎಲ್ಲಿಗೆ ಹೋಯ್ತೇ?" ಎಂದು ಕೇಳಿದಳು. "ಎಲ್ಲಿಗೂ ಇಲ್ಲ ಮುತ್ತಜ್ಜಿ, ಮುಚ್ಚಿಹೋಯ್ತು" ಎಂದಳು ಮಗು. "ಮತ್ತೆ ಬೇಕಾದರೆ?" "ಮತ್ತೆ ಮೊದಲಿಂದ ತೆರೀಬೇಕು." ಅಜ್ಜಿ ಅಡಿಕೆಗೆ ಮರಳಿದಳು. ಇಂದು ಆಂಡ್ರಾಯ್ಡ್ ಫೋನಾಗಲಿ ಐಫೋನಾಗಲಿ, ತೆರೆದ ಆ್ಯಪ್ ಮುಚ್ಚಲು ನಾವೆಲ್ಲ ಮಾಡುವುದು ಅದನ್ನೇ, ಕಾರ್ಡನ್ನು ಮೇಲಕ್ಕೆ ತಳ್ಳುವುದು. ಫೋನಿನಲ್ಲಿ ಆ ಬಗೆಯ ಕಾರ್ಡುಗಳನ್ನು 2009ರಲ್ಲೇ ತಂದದ್ದು ಪಾಮ್ ಕಂಪನಿಯ ಪ್ರೀ ಎಂಬ ಫೋನು. ತಂತಿ ಚುಚ್ಚದೆಯೇ ಚಾರ್ಜ್ ಮಾಡುವ ಪೀಠವನ್ನೂ ಆ ಫೋನಿಗೆ ಕೊಂಡುಕೊಳ್ಳಬಹುದಿತ್ತು. ಅಂದರೆ ವಸ್ತು ಒಳ್ಳೆಯದೇ ಆಗಿತ್ತೆಂಬ ನನ್ನ ಅಂದಿನ ಅಭಿಪ್ರಾಯದಲ್ಲಿ ಇಂದಿಗೂ ಬದಲಾವಣೆಯಿಲ್ಲ. ಬದಲಾದದ್ದು, ವಸ್ತು ಒಳ್ಳೆಯದಾಗಿರುವುದಕ್ಕೂ ಕೊಂಡವನ ಕೈಯಲ್ಲಿ ಅದು ಬದುಕುವುದಕ್ಕೂ ಇದೆಯೆಂದು ನಾನು ನಂಬಿದ್ದ ಸಂಬಂಧ.

ಟ್ಯಾಬ್ಲೆಟ್ ನನ್ನ ಕೈಗೆ ಬರುವುದಕ್ಕೆ ಎರಡು ತಿಂಗಳ ಹಿಂದಿನ ಇನ್ನೊಂದು ಬೆಳಿಗ್ಗೆಯನ್ನು ಇಲ್ಲಿ ಹೇಳಬೇಕು. ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನ ಗೆಳೆಯನೊಬ್ಬ ರಾತ್ರಿ ಹೊತ್ತು ಟಚ್‌ಪ್ಯಾಡಿಗಾಗಿ ಒಂದು ಆ್ಯಪ್ ಬರೆಯುತ್ತಿದ್ದ. ಉಪಾಯ ನನ್ನದು. ಕೊಡಗಿನ ತೋಟದ ಮನೆಗಳಲ್ಲಿ ಮಳೆಮಾಪಕ ಇಟ್ಟು, ದಿನದ ಮಳೆಯನ್ನು ಇಂಚು ಮತ್ತು ಸೆಂಟಿನ ಲೆಕ್ಕದಲ್ಲಿ ಡೈರಿಯಲ್ಲಿ ಬರೆದಿಡುವ ರೂಢಿ ಇದೆಯಲ್ಲ, ಅದನ್ನು ಟ್ಯಾಬ್ಲೆಟಿನಲ್ಲಿ ಬರೆದಿಟ್ಟು ವರ್ಷದಿಂದ ವರ್ಷಕ್ಕೆ ಹೋಲಿಸಿ ನೋಡುವ ಆ್ಯಪ್. ದೊಡ್ಡಪ್ಪನ ಹಳೆಯ ಡೈರಿಗಳ ಅಂಕಿಗಳನ್ನು ನಾನೇ ಅವನಿಗೆ ಟೈಪು ಮಾಡಿಕೊಟ್ಟಿದ್ದೆ. ಟಚ್‌ಪ್ಯಾಡಿನ ಆ್ಯಪ್‌ಗಳನ್ನು ಎನ್ಯೋ ಎಂಬ ಜಾವಾಸ್ಕ್ರಿಪ್ಟ್ ಚೌಕಟ್ಟಿನಲ್ಲಿ ಬರೆಯಬೇಕಿತ್ತು. ಅದಕ್ಕಾಗಿ ಅವನು ಎರಡು ತಿಂಗಳ ರಾತ್ರಿಗಳನ್ನು ಕೊಟ್ಟಿದ್ದ. ಆಗಸ್ಟ್ 19, ಶುಕ್ರವಾರ ಬೆಳಿಗ್ಗೆ ಅಮೆರಿಕದ ಸುದ್ದಿ ನಮಗೆ ತಲುಪಿತು. ಅವನು ಬಂದು ಕುಳಿತ, ಸುದ್ದಿ ಓದಿದ, ಎದ್ದು ಹೋಗಿ ಟೀ ತಂದ, ಏನೂ ಮಾತಾಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವನ ಪರದೆಯ ಮೇಲೆ ಆಂಡ್ರಾಯ್ಡ್ ಆ್ಯಪ್ ಬರೆಯುವ ಮೊದಲ ಪಾಠ ತೆರೆದುಕೊಂಡಿತ್ತು. ಮಳೆಯ ಆ್ಯಪಿನ ಬಗ್ಗೆ ನಾನು ಕೇಳಲಿಲ್ಲ, ಅವನು ಹೇಳಲಿಲ್ಲ. ದೊಡ್ಡಪ್ಪನ ಮಳೆ ಇಂದಿಗೂ ಡೈರಿಯಲ್ಲೇ ಇದೆ.

ಹದಿಮೂರು ತಿಂಗಳ ಒಡೆತನ

ಎಚ್‌ಪಿ ಪಾಮ್ ಕಂಪನಿಯನ್ನು ಕೊಳ್ಳುವುದಾಗಿ ಸಾರಿದ್ದು 2010ರ ಏಪ್ರಿಲ್ 28ರಂದು, 120 ಕೋಟಿ ಡಾಲರ್ ಬೆಲೆಗೆ. ಜುಲೈ 1ಕ್ಕೆ ವ್ಯವಹಾರ ಮುಗಿಯಿತು. ಆಗ ನಮ್ಮ ಊಟದ ಮೇಜಿನಲ್ಲಿ ನನ್ನ ಪಕ್ಷಕ್ಕೆ ಹಬ್ಬ. ಜಗತ್ತಿನಲ್ಲೇ ಅತಿ ಹೆಚ್ಚು ಪರ್ಸನಲ್ ಕಂಪ್ಯೂಟರ್ ಮಾರುವ ಕಂಪನಿ, ಎಲ್ಲ ದೇಶಗಳಲ್ಲೂ ಅಂಗಡಿ, ಕೈತುಂಬ ಹಣ. ಪಾಮ್ ಬಳಿ ಇಲ್ಲದ್ದೆಲ್ಲ ಎಚ್‌ಪಿ ಬಳಿ ಇತ್ತು, ಎಚ್‌ಪಿ ಬಳಿ ಇಲ್ಲದ ಒಂದೇ ವಸ್ತು ಪಾಮ್ ಬಳಿ ಇತ್ತು. ಜಾತಕ ಇಷ್ಟು ಚೆನ್ನಾಗಿ ಕೂಡಿಬಂದ ಸಂಬಂಧ ಇನ್ನೊಂದಿಲ್ಲ ಎಂದು ನಾನು ವಾದಿಸಿದ್ದೆ.

ವ್ಯವಹಾರ ಮುಗಿದ ಐದು ವಾರಗಳಲ್ಲಿ, ಆಗಸ್ಟ್ 6ರಂದು, ಆ ಖರೀದಿಯನ್ನು ಮಾಡಿದ್ದ ಮುಖ್ಯಸ್ಥ ಮಾರ್ಕ್ ಹರ್ಡ್ ರಾಜೀನಾಮೆ ಕೊಟ್ಟು ಹೊರಟರು. ನವೆಂಬರಿನಲ್ಲಿ ಆ ಕುರ್ಚಿಗೆ ಬಂದ ಲಿಯೊ ಅಪೊತೆಕರ್ ಕಂಪನಿಗಳಿಗೆ ಬೇಕಾದ ಸಾಫ್ಟ್‌ವೇರ್ ಮಾರುವ ಲೋಕದವರು. 2011ರ ಮಾರ್ಚಿನಲ್ಲಿ ಅವರು ಮುಂದಿನ ವರ್ಷದಿಂದ ತಮ್ಮ ಪ್ರತಿಯೊಂದು ಕಂಪ್ಯೂಟರಿನಲ್ಲೂ ವೆಬ್‌ಓಎಸ್ ಇರುತ್ತದೆ ಎಂದರು. ಆಗಸ್ಟಿನಲ್ಲಿ ವೆಬ್‌ಓಎಸ್ ಉಪಕರಣಗಳನ್ನೇ ನಿಲ್ಲಿಸಿದರು, ಕಂಪ್ಯೂಟರ್ ವಿಭಾಗವನ್ನೇ ಬೇರ್ಪಡಿಸುವ ಯೋಚನೆಯಿದೆ ಎಂದರು, ಅದೇ ದಿನ ಸಾವಿರ ಕೋಟಿ ಡಾಲರಿಗೂ ಹೆಚ್ಚು ಕೊಟ್ಟು ಆಟೊನಮಿ ಎಂಬ ಸಾಫ್ಟ್‌ವೇರ್ ಕಂಪನಿಯನ್ನು ಕೊಳ್ಳುತ್ತೇವೆಂದರು. (ಆ ಖರೀದಿಯಲ್ಲಿ ಮುಂದಿನ ವರ್ಷ 880 ಕೋಟಿ ಡಾಲರ್ ನಷ್ಟವೆಂದು ಬರೆದುಹಾಕಬೇಕಾಯಿತು, ಅದು ಬೇರೆಯೇ ರಾಮಾಯಣ.) ಸೆಪ್ಟೆಂಬರಿನಲ್ಲಿ ಅವರೂ ಹೋದರು, ಮೆಗ್ ವಿಟ್‌ಮನ್ ಬಂದರು. ಡಿಸೆಂಬರಿನಲ್ಲಿ ವೆಬ್‌ಓಎಸ್ ಅನ್ನು ಓಪನ್ ಸೋರ್ಸ್ ಮಾಡುವುದಾಗಿ, ಅಂದರೆ ಅದರ ಸಾಫ್ಟ್‌ವೇರ್ ಕೋಡನ್ನು ಯಾರು ಬೇಕಾದರೂ ಬಳಸುವಂತೆ ಬಿಟ್ಟುಕೊಡುವುದಾಗಿ, ಪ್ರಕಟವಾಯಿತು.

ಇದನ್ನು ಓದುವ ಯಾರಿಗಾದರೂ ತಪ್ಪು ಎಚ್‌ಪಿಯ ಆಡಳಿತದ್ದು, ಖರೀದಿಯದ್ದಲ್ಲ ಎನ್ನಿಸುತ್ತದೆ. ನಾನೂ ಬಹಳ ವರ್ಷ ಹಾಗೆಯೇ ಸಮಾಧಾನ ಮಾಡಿಕೊಂಡಿದ್ದೆ. ಆದರೆ ಮೂವರು ಮುಖ್ಯಸ್ಥರು ಬದಲಾದರೂ ಎಚ್‌ಪಿಯ ಪ್ರಿಂಟರ್ ವ್ಯಾಪಾರವನ್ನು ಯಾರೂ 49 ದಿನಗಳಲ್ಲಿ ಮುಚ್ಚಲಿಲ್ಲ. ವೆಬ್‌ಓಎಸ್ ಅನ್ನು ಮುಚ್ಚಲು ಸಾಧ್ಯವಾದದ್ದು ಅದಿಲ್ಲದೆಯೂ ಎಚ್‌ಪಿ ನಡೆಯುತ್ತಿದ್ದುದರಿಂದ. ಅದರ ಕಂಪ್ಯೂಟರುಗಳೆಲ್ಲ ವಿಂಡೋಸ್‌ನ ಮೇಲೆ ಓಡುತ್ತಿದ್ದವು, ಮರುದಿನವೂ ಓಡಿದವು.

ಲೈನಿನಲ್ಲಿ ಹೊಗೆ

ಸುಮಾರು ಅದೇ ಕಾಲದಲ್ಲಿ ನಮ್ಮ ಪಕ್ಕದ ಹದಿನೆಂಟು ಎಕರೆ ಅರೇಬಿಕಾ ತೋಟ ಮಾರಾಟಕ್ಕೆ ಬಂದಿತ್ತು. ಯಜಮಾನರು ತೀರಿಕೊಂಡಿದ್ದರು, ಮಕ್ಕಳು ಊರಿನಲ್ಲಿರಲಿಲ್ಲ. ಬೆಲೆ ಕೇಳಿದರೆ ಯಾರಿಗಾದರೂ ಆಸೆಯಾಗುವಂತಿತ್ತು. ದೊಡ್ಡಪ್ಪ ಒಂದು ಬೆಳಿಗ್ಗೆ ಏಳು ಗಂಟೆಗೆ ಅದನ್ನು ನೋಡಲು ಹೊರಟಾಗ ನನ್ನನ್ನೂ ಕರೆದರು. ಒಳಗೆ ಕಾಲಿಟ್ಟೊಡನೆ ಕಾಯಿಲೆ ಕಾಣುತ್ತಿತ್ತು. ಎಲೆ ಹಳದಿಯಾದ ಗಿಡಗಳ ಕಾಂಡದ ಸುತ್ತ ಉಬ್ಬಿದ ಗೆರೆಗಳು. ದೊಡ್ಡಪ್ಪ ಒಂದನ್ನು ಬಗ್ಗಿಸಿದರು, ಲಟಕ್ಕೆಂದು ಮುರಿಯಿತು. ಒಳಗೆ ಹುಳು ಕೊರೆದ ದಾರಿಯಲ್ಲಿ ಮರದ ಪುಡಿ ತುಂಬಿಕೊಂಡಿತ್ತು. ಬಿಳಿ ಕಾಂಡಕೊರಕ. ನಾನು ಪಟ್ಟಣದಲ್ಲಿ ಕಲಿತ ಗತ್ತಿನಲ್ಲಿ, "ಇಷ್ಟು ಗಿಡ ಹಾಳಾಗಿದ್ದರೆ ಯಾಕೆ ಬೇಕು ದೊಡ್ಡಪ್ಪ?" ಎಂದೆ. "ಗಿಡ ಕಿತ್ತು ಸುಟ್ಟು ಬೇರೆ ನೆಡಬಹುದು, ಅದು ದೊಡ್ಡದಲ್ಲ. ನೀನು ಮೇಲೆ ಹತ್ತಿ ನಿಂತು ಲೈನಿನಲ್ಲಿ ಹೊಗೆ ಕಾಣ್ತದಾ ನೋಡು" ಎಂದರು.

ಹತ್ತಿ ನೋಡಿದೆ. ಕೆಲಸದವರ ಲೈನ್ ಮನೆಗಳು ಸಾಲಾಗಿ ನಿಂತಿದ್ದವು, ಹೆಂಚಿನ ಮೇಲೆ ಪಾಚಿ ಹಿಡಿದಿತ್ತು. ಅಡುಗೆ ಮಾಡುವ ಹೊತ್ತಿನಲ್ಲಿ ಒಂದೇ ಒಂದು ಮನೆಯಿಂದ ತೆಳ್ಳಗೆ ಹೊಗೆ ಏಳುತ್ತಿತ್ತು. ಬಂದು ಹೇಳಿದೆ. ದೊಡ್ಡಪ್ಪ ಕೈಯಲ್ಲಿದ್ದ ಮುರಿದ ಕಾಂಡವನ್ನು ಎಸೆದು, "ನಡಿ, ತಿಂಡಿಗೆ ಹೊತ್ತಾಯ್ತು" ಎಂದರು. ಆ ತೋಟದ ಮಾತು ನಮ್ಮ ಮನೆಯಲ್ಲಿ ಅಲ್ಲಿಗೆ ಮುಗಿಯಿತು.

ಮೊಬೈಲ್ ಆಪರೇಟಿಂಗ್ ಸಿಸ್ಟಂ ಕೊಳ್ಳುವವರು ನೋಡಬೇಕಾದದ್ದೂ ಅದನ್ನೇ ಎಂದು ನನಗೆ ಹೊಳೆದದ್ದು ಬಹಳ ತಡವಾಗಿ. ಕೋಡು ಎನ್ನುವುದು ಗಿಡ. ಕಿತ್ತು ಬೇರೆ ನೆಡಬಹುದು. ವೆಬ್‌ಓಎಸ್‌ನ ಬುಡದಲ್ಲಿದ್ದದ್ದು ಯಾರಿಗೂ ಪುಕ್ಕಟೆ ಸಿಗುವ ಲಿನಕ್ಸ್. ಆ್ಯಪ್‌ಗಳನ್ನು ಬರೆಯುತ್ತಿದ್ದದ್ದು ವೆಬ್ ಪುಟ ಮಾಡುವ ಭಾಷೆಗಳಲ್ಲೇ. 120 ಕೋಟಿ ಡಾಲರ್ ಕೊಟ್ಟದ್ದು ಹಾಗಾದರೆ ಯಾವುದಕ್ಕೆ? ಪೇಟೆಂಟುಗಳಿಗೆ ಒಂದಷ್ಟು, ಉಳಿದದ್ದು ಅದನ್ನು ಕಟ್ಟಿದ ಜನಕ್ಕೆ ಮತ್ತು ಅದಕ್ಕಾಗಿ ಆ್ಯಪ್ ಬರೆಯುವ ಹೊರಗಿನ ಜನರ ನಂಬಿಕೆಗೆ. ಆದರೆ ಕಾರ್ಡುಗಳ ವಿನ್ಯಾಸದ ಹಿಂದಿದ್ದ ಮತಿಯಾಸ್ ಡುವಾರ್ಟೆ 2010ರ ಮೇ ತಿಂಗಳಲ್ಲೇ, ಎಚ್‌ಪಿಯ ವ್ಯವಹಾರ ಮುಗಿಯುವ ಮೊದಲೇ, ಗೂಗಲ್‌ನ ಆಂಡ್ರಾಯ್ಡ್ ತಂಡ ಸೇರಿಯಾಗಿತ್ತು. ನನ್ನ ಗೆಳೆಯನಂಥ ಹೊರಗಿನವರು ಒಂದೇ ಮಧ್ಯಾಹ್ನದಲ್ಲಿ ಹೋದರು. ಕ್ರಯಪತ್ರದಲ್ಲಿ ಬರೆಸಿಕೊಳ್ಳಲಾಗದ ಆಸ್ತಿ ಅದು. ಕೊಳ್ಳುವ ಸುದ್ದಿ ಹೊರಬಿದ್ದ ಗಳಿಗೆಯಿಂದಲೇ ಕರಗತೊಡಗುತ್ತದೆ, ಏಕೆಂದರೆ ಮಾರಾಟಕ್ಕೆ ಬಂದಿದೆ ಎಂದರೇನೇ ಅಲ್ಲಿ ಏನೋ ಸರಿಯಿಲ್ಲವೆಂದು ಎಲ್ಲರಿಗೂ ಗೊತ್ತಾದಂತೆ.

ಬೇರೆ ಗತಿ ಇದ್ದವರು, ಇಲ್ಲದವರು

ಹಾಗಾದರೆ ಯಾರೂ ಎಂದೂ ಕೊಳ್ಳಬಾರದೇ? ಊಟದ ಮೇಜಿನ ಎದುರು ಪಕ್ಷದವರು ಹೀಗೆಯೇ ಹೇಳುತ್ತಿದ್ದರು. ಅವರಿಗೆ ನಾನು ಕೊಡುತ್ತಿದ್ದ ಒಂದೇ ಉತ್ತರ ಇಂದಿಗೂ ಗಟ್ಟಿಯಾಗಿದೆ. 1996ರ ಡಿಸೆಂಬರಿನಲ್ಲಿ ಆ್ಯಪಲ್ ಸುಮಾರು 40 ಕೋಟಿ ಡಾಲರ್ ಕೊಟ್ಟು ನೆಕ್ಸ್ಟ್ ಕಂಪನಿಯನ್ನು ಕೊಂಡಿತು. ನೆಕ್ಸ್ಟ್ ಆ ಹೊತ್ತಿಗೆ ಸೋತ ಕಂಪನಿ. ಕಂಪ್ಯೂಟರ್ ಮಾಡುವುದನ್ನು 1993ರಲ್ಲೇ ನಿಲ್ಲಿಸಿ ಬರಿಯ ಸಾಫ್ಟ್‌ವೇರಿನಲ್ಲಿ ದಿನ ದೂಡುತ್ತಿತ್ತು. ಅದರ ಆಪರೇಟಿಂಗ್ ಸಿಸ್ಟಂನಿಂದಲೇ 2001ರಲ್ಲಿ ಮ್ಯಾಕ್ ಓಎಸ್ ಟೆನ್ ಬಂತು, 2007ರಲ್ಲಿ ಐಫೋನ್ ಬಂತು. ಏದುಸಿರು ಬಿಡುತ್ತಿದ್ದ ಆಪರೇಟಿಂಗ್ ಸಿಸ್ಟಂ ಒಂದನ್ನು ಕೊಂಡು ಗೆದ್ದವರು ಯಾರಾದರೂ ಇದ್ದಾರೆಯೇ ಎಂದು ಕೇಳುವವರ ಜೇಬಿನಲ್ಲೇ ಅದರ ಉತ್ತರ ಇರುವ ಸಂಭವವಿದೆ.

ಆದರೆ ಆ್ಯಪಲ್‌ನ ಅಂದಿನ ಸ್ಥಿತಿ ನೋಡಿ. ಹಳೆಯ ಮ್ಯಾಕ್ ವ್ಯವಸ್ಥೆಗೆ ಬದಲಾಗಿ ತಾನೇ ಕಟ್ಟುತ್ತಿದ್ದ ಕಾಪ್‌ಲ್ಯಾಂಡ್ ಎಂಬ ಯೋಜನೆ ಕುಸಿದುಬಿದ್ದಿತ್ತು. 1997ರ ಆರ್ಥಿಕ ವರ್ಷದಲ್ಲಿ ಕಂಪನಿ 100 ಕೋಟಿ ಡಾಲರ್ ನಷ್ಟ ಕಂಡಿತು. ಹೊಸ ಆಪರೇಟಿಂಗ್ ಸಿಸ್ಟಂ ಸಿಗದಿದ್ದರೆ ಮಾರಲು ಮುಂದೆ ಏನೂ ಇಲ್ಲ ಎನ್ನುವ ಪರಿಸ್ಥಿತಿ. ಕೊಂಡದ್ದು ಫಲ ಕೊಡಲು ನಾಲ್ಕು ವರ್ಷ ಹಿಡಿಯಿತು. ನಾಲ್ಕು ವರ್ಷವೂ ಕಾದರು, ಏಕೆಂದರೆ ಕಾಯದೆ ಮಾಡುವುದಕ್ಕೆ ಬೇರೇನೂ ಇರಲಿಲ್ಲ. (ಆ್ಯಪಲ್ ಅಂದು ನೆಕ್ಸ್ಟ್‌ಗಾಗಿ ಬೇಡವೆಂದ ಇನ್ನೊಂದು ವರ ಬಿ ಎಂಬ ಕಂಪನಿಯ ಬಿಓಎಸ್. ಆ ಕಂಪನಿಯ ಆಸ್ತಿಯನ್ನು 2001ರಲ್ಲಿ 1.1 ಕೋಟಿ ಡಾಲರಿಗೆ ಕೊಂಡದ್ದು ಬೇರೆ ಯಾರೂ ಅಲ್ಲ, ಇದೇ ಪಾಮ್. ಅದರಿಂದ ಪಾಮ್‌ಗೆ ಹೇಳಿಕೊಳ್ಳುವಂಥ ಫೋನೇನೂ ಹುಟ್ಟಲಿಲ್ಲ. ಕೊಂಡವರೇ ಮುಂದೆ ಮಾರಾಟಕ್ಕೆ ನಿಲ್ಲುವುದು ಈ ವ್ಯಾಪಾರದಲ್ಲಿ ವಿಶೇಷವೇನಲ್ಲ.)

ಇದರ ತದ್ವಿರುದ್ಧ ಮೈಕ್ರೋಸಾಫ್ಟ್. 2008ರಲ್ಲಿ ಡೇಂಜರ್ ಎಂಬ ಫೋನ್ ಸಾಫ್ಟ್‌ವೇರ್ ಕಂಪನಿಯನ್ನು ಕೊಂಡಿತು. ಅದರಿಂದ 2010ರ ಮೇ ತಿಂಗಳಲ್ಲಿ ಕಿನ್ ಎಂಬ ಫೋನು ಬಂತು, ಜೂನ್ ಕೊನೆಯಲ್ಲಿ ಹೋಯಿತು. ಟಚ್‌ಪ್ಯಾಡಿನ ಆಯುಸ್ಸಿಗೆ ಹೆಚ್ಚುಕಡಿಮೆ ಸಮ. ಆಮೇಲೆ 2013ರ ಸೆಪ್ಟೆಂಬರಿನಲ್ಲಿ ನೋಕಿಯಾದ ಫೋನ್ ವ್ಯಾಪಾರವನ್ನೂ ಪೇಟೆಂಟ್ ಪರವಾನಗಿಗಳನ್ನೂ ಸೇರಿಸಿ 544 ಕೋಟಿ ಯೂರೊ ಕೊಡುವುದಾಗಿ ಒಪ್ಪಿತು. ಅಲ್ಲಿ ಮೈಕ್ರೋಸಾಫ್ಟ್ ಕೊಂಡದ್ದು ತನ್ನದೇ ಸೊರಗಿದ ವಿಂಡೋಸ್ ಫೋನಿಗೆ ಆಸರೆಯನ್ನು. 2015ರ ಜುಲೈನಲ್ಲಿ 760 ಕೋಟಿ ಡಾಲರ್ ನಷ್ಟವೆಂದು ಬರೆದುಹಾಕಿ 7,800 ಜನರ ಕೆಲಸ ತೆಗೆಯಿತು. ಅಷ್ಟು ದುಡ್ಡು ಹೋದರೂ ಮೈಕ್ರೋಸಾಫ್ಟ್‌ಗೆ ಏನೂ ಆಗಲಿಲ್ಲ. ಆಫೀಸ್ ಇತ್ತು, ಕ್ಲೌಡ್ ಇತ್ತು. ಏನೂ ಆಗದಿರುವವರು ಕೊಂಡಾಗಲೇ ಕೊಂಡ ವಸ್ತುವಿಗೆ ಆಪತ್ತು. ನಮ್ಮ ಪಕ್ಕದ ತೋಟವನ್ನು ಕೊನೆಗೆ ಕೊಂಡದ್ದು ಪಟ್ಟಣದ ಒಬ್ಬ ವ್ಯಾಪಾರಸ್ಥರು. ಮೊದಲ ವರ್ಷ ಹೊಸ ಗೇಟು, ಹೊಸ ಬೋರ್ಡು, ಎರಡು ಲಾರಿ ಗೊಬ್ಬರ. ಎರಡನೆಯ ವರ್ಷ ತಿಂಗಳಿಗೊಮ್ಮೆ ಕಾರು. ಮೂರನೆಯ ವರ್ಷ ಗೇಟಿಗೆ ಬೀಗ. ಅವರಿಗೆ ನಷ್ಟವಾಯಿತೆಂದು ಯಾರೂ ಮರುಗಲಿಲ್ಲ, ಅವರೂ ಮರುಗಿದಂತೆ ಕಾಣಲಿಲ್ಲ.

ಇಷ್ಟು ಹೇಳಿ 'ಬೇರೆ ಗತಿಯಿಲ್ಲದವರು ಮಾತ್ರ ಕೊಳ್ಳಲಿ' ಎಂದು ಷರಾ ಬರೆದುಬಿಡೋಣವೆಂದರೆ ಬ್ಲ್ಯಾಕ್‌ಬೆರ್ರಿ ಅಡ್ಡ ಬರುತ್ತದೆ. ಆ ಕಂಪನಿ 2010ರಲ್ಲಿ ಸುಮಾರು 20 ಕೋಟಿ ಡಾಲರಿಗೆ ಕ್ಯೂಎನ್‌ಎಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಅನ್ನು ಕೊಂಡಾಗ ಅದಕ್ಕೆ ಆ್ಯಪಲ್‌ನಷ್ಟೇ ತುರ್ತು ಇತ್ತು. ಕ್ಯೂಎನ್‌ಎಕ್ಸ್ ಸೊರಗಿದ ವಸ್ತುವೂ ಅಲ್ಲ, ಗಟ್ಟಿಮುಟ್ಟಾದದ್ದು. ಆದರೆ ಅದರ ಮೇಲೆ ಕಟ್ಟಿದ ಹೊಸ ಫೋನು ಬರುವಾಗ 2013ರ ಜನವರಿ ಆಗಿತ್ತು. ನಡುವಿನ ಮೂರು ವರ್ಷಗಳಲ್ಲಿ ಆಂಡ್ರಾಯ್ಡ್ ಊರೆಲ್ಲ ಹಬ್ಬಿತ್ತು. ನೋಕಿಯಾ 2008ರಲ್ಲಿ ತನ್ನ ಫೋನುಗಳನ್ನು ನಡೆಸುತ್ತಿದ್ದ ಸಿಂಬಿಯನ್‌ನ ಉಳಿದ ಪಾಲನ್ನೆಲ್ಲ ಕೊಂಡಾಗಲೂ ಅದಕ್ಕೆ ಬೇರೆ ಗತಿ ಇರಲಿಲ್ಲ. ಮೂರೇ ವರ್ಷದಲ್ಲಿ, 2011ರ ಫೆಬ್ರವರಿಯಲ್ಲಿ, ಅದನ್ನು ಬಿಟ್ಟು ವಿಂಡೋಸ್ ಫೋನಿಗೆ ಹಾರಿತು. ಆದ್ದರಿಂದ ತುರ್ತು ಇದ್ದ ಮಾತ್ರಕ್ಕೆ ಆಗುವುದಿಲ್ಲ, ಹೊತ್ತೂ ಕೂಡಿಬರಬೇಕು. ಆ್ಯಪಲ್‌ಗೆ ನಾಲ್ಕು ವರ್ಷ ಕೊಟ್ಟ ಮಾರುಕಟ್ಟೆ ಬ್ಲ್ಯಾಕ್‌ಬೆರ್ರಿಗೆ ಮೂರನ್ನು ಕೊಡಲಿಲ್ಲ. ಆಂಡ್ರಾಯ್ಡ್ ಅನ್ನೇ ತೆಗೆದುಕೊಳ್ಳಿ: ಗೂಗಲ್ 2005ರಲ್ಲಿ ಅದನ್ನು ಕೊಂಡಾಗ ಅಲ್ಲಿ ಮಾರುವಂಥ ಫೋನೇ ಇರಲಿಲ್ಲ, ಮೊದಲ ಫೋನು 2008ರಲ್ಲಿ ಬಂತು. ಹೆಸರೇ ಇಲ್ಲದ ವಸ್ತುವಿಗೆ ಸೋತದ್ದೆಂಬ ಹೆಸರೂ ಇರುವುದಿಲ್ಲ. ಮೂರು ವರ್ಷ ಯಾರ ಕಣ್ಣಿಗೂ ಬೀಳದೆ ಬೆಳೆಯುವ ಅವಕಾಶ ಸೊರಗಿ ಸುದ್ದಿಯಾದ ವಸ್ತುವಿಗೆ ಸಿಗುವುದಿಲ್ಲ.

ನಮ್ಮಲ್ಲಿ ಯಾರಾದರೂ ಕೊಂಡರೆ?

ಭಾರತದ ಕಂಪನಿಯೊಂದು ಇಂಥದ್ದನ್ನು ಕೊಂಡು ನಮ್ಮದೇ ಮಾಡಿಕೊಳ್ಳಬಾರದೇಕೆ ಎಂಬ ಮಾತು ಆಗಾಗ ಏಳುತ್ತದೆ. ಅದರಲ್ಲಿ ಹುರುಳಿಲ್ಲವೆಂದು ತಳ್ಳಿಹಾಕುವಂತಿಲ್ಲ. ಆಪರೇಟಿಂಗ್ ಸಿಸ್ಟಂ ಇದ್ದವನ ಕೈಯಲ್ಲೇ ಮನೆಯ ಬಾಗಿಲಿರುತ್ತದೆ. ಆಂಡ್ರಾಯ್ಡ್‌ನ ಬಲದಿಂದ ಆ ಬಾಗಿಲನ್ನು ದುರುಪಯೋಗ ಮಾಡಿಕೊಂಡಿದೆಯೆಂದು ನಮ್ಮ ಸ್ಪರ್ಧಾ ಆಯೋಗ 2022ರ ಅಕ್ಟೋಬರಿನಲ್ಲಿ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ಹಾಕಿದ್ದು ಇದೇ ಕಾರಣಕ್ಕೆ. ಆದರೆ ನಮ್ಮಲ್ಲಿ ನಿಜವಾಗಿ ಜನರ ಕೈ ಸೇರಿದ, ಆಂಡ್ರಾಯ್ಡ್ ಮತ್ತು ಐಫೋನುಗಳ ಆಚೆಗಿನ ಮೂರನೆಯ ವ್ಯವಸ್ಥೆಯನ್ನು ಯಾರೂ ಅಬ್ಬರದಿಂದ ಕೊಂಡದ್ದಲ್ಲ. ಮೊಝಿಲ್ಲಾದ ಫೈರ್‌ಫಾಕ್ಸ್ ಓಎಸ್ 2014ರ ಆಗಸ್ಟಿನಲ್ಲಿ 1,999 ರೂಪಾಯಿಯ ಇಂಟೆಕ್ಸ್ ಫೋನಿನಲ್ಲಿ ಇಲ್ಲಿಗೆ ಬಂದು, ಮುಂದಿನ ವರ್ಷದ ಕೊನೆಯಲ್ಲಿ ಮೊಝಿಲ್ಲಾ ಕೈಚೆಲ್ಲಿದಾಗ ಮುಗಿದಂತಾಗಿತ್ತು. ಕೋಡು ಬಯಲಿನಲ್ಲಿತ್ತು; ಅದರಿಂದ ಕೈಓಎಸ್ ಹುಟ್ಟಿತು, ಅದು 2017ರಲ್ಲಿ ಜಿಯೋಫೋನಿನ ಒಳಗೆ ಕುಳಿತು ಕೋಟಿಗಟ್ಟಲೆ ಜನರನ್ನು ತಲುಪಿತು. ನಮ್ಮ ಕಡೆಯ ಲೈನ್ ಮನೆಗಳಲ್ಲಿ ಎಷ್ಟೋ ಜನ ಮೊದಲ ಸಲ ವಿಡಿಯೊ ನೋಡಿದ್ದು ಆ ಕೀಪ್ಯಾಡ್ ಫೋನಿನಲ್ಲಿ. ಅವರಾರಿಗೂ ಒಳಗಿರುವ ವ್ಯವಸ್ಥೆಯ ಹೆಸರು ಗೊತ್ತಿರಲಿಲ್ಲ, ಗೊತ್ತಿರಬೇಕಾಗಿಯೂ ಇರಲಿಲ್ಲ. ನಾಲ್ಕು ವರ್ಷದ ನಂತರ ಅದೇ ರಿಲಯನ್ಸ್ ಮುಟ್ಟುವ ಪರದೆಯ ಅಗ್ಗದ ಫೋನು ತಂದಾಗ ಅದರಲ್ಲಿದ್ದದ್ದು ಗೂಗಲ್ ಜೊತೆ ಸೇರಿ ಮಾಡಿದ ಆಂಡ್ರಾಯ್ಡ್ ಎಂಬುದನ್ನೂ ಮರೆಯುವಂತಿಲ್ಲ.

ಕನ್ನಡದವನಾಗಿ ನನಗೆ ಇನ್ನೊಂದು ಅನುಮಾನವಿದೆ. 2012ಕ್ಕೆ ಮುಂಚಿನ ದಿನಗಳು ನೆನಪಿರುವವರಿಗೆ ಆ ಚೌಕಗಳು ನೆನಪಿರುತ್ತವೆ: ಫೋನಿನಲ್ಲಿ ಕನ್ನಡದ ಸುದ್ದಿತಾಣ ತೆರೆದರೆ ಸಾಲುಸಾಲು ಖಾಲಿ ಪೆಟ್ಟಿಗೆಗಳು. ಒಪೆರಾ ಮಿನಿ ಎಂಬ ಬ್ರೌಸರಿನ ಒಳಗೆ ಅಡಗಿದ್ದ ಒಂದು ಆಯ್ಕೆಯನ್ನು ಬದಲಾಯಿಸಿ, ಅಕ್ಷರಗಳನ್ನು ಚಿತ್ರವಾಗಿ ತರಿಸಿಕೊಂಡು ಓದುತ್ತಿದ್ದೆವು; ಆ ಉಪಾಯವನ್ನು ಒಬ್ಬರಿಂದೊಬ್ಬರಿಗೆ ಮನೆಮದ್ದಿನಂತೆ ಹೇಳಿಕೊಡುತ್ತಿದ್ದೆವು. ಆಂಡ್ರಾಯ್ಡ್ 4.1 ಬಂದ ಮೇಲೆ ಕನ್ನಡ ತಾನಾಗಿ ಮೂಡತೊಡಗಿತು. ಹೊಸ ವ್ಯವಸ್ಥೆ ಯಾವುದೇ ಬರಲಿ, ಕನ್ನಡ ಅದರ ಪಂಕ್ತಿಯಲ್ಲಿ ಕೊನೆಯ ಎಲೆಗೆ ಕೂರುತ್ತದೆ. ಪಾಯಸ ಬರುವಷ್ಟರಲ್ಲಿ ಪಂಕ್ತಿಯೇ ಎದ್ದುಹೋದರೆ ಮತ್ತೆ ಮೊದಲಿನಿಂದ ಕೂರಬೇಕು. ಸೊರಗಿದ ವ್ಯವಸ್ಥೆಯನ್ನು ಅಭಿಮಾನಕ್ಕಾಗಿ ಕೊಂಡು ಮೂರು ವರ್ಷಕ್ಕೆ ಬಿಟ್ಟುಬಿಡುವವರಿಗಿಂತ ಕೊಳ್ಳದೆ ಸುಮ್ಮನಿರುವವರು ಮೇಲು ಎಂದು ನನಗನ್ನಿಸುವುದು ಇದರಿಂದ.

ಮೆಣಸು

2013ರ ಫೆಬ್ರವರಿಯಲ್ಲಿ ಎಲ್‌ಜಿ ವೆಬ್‌ಓಎಸ್ ಅನ್ನು ಎಚ್‌ಪಿಯಿಂದ ಕೊಂಡಾಗ ನಮ್ಮ ಊಟದ ಮೇಜು ನಕ್ಕಿತ್ತು. ಟಿವಿಗಂತೆ! ಓಟದ ಕುದುರೆಯನ್ನು ಜಟಕಾಗೆ ಕಟ್ಟಿದಂತೆ ಎಂದು ನಾನೇ ಹೇಳಿದ್ದೆ. ಎಲ್‌ಜಿಯ ಸ್ವಂತ ಫೋನುಗಳು ಆಂಡ್ರಾಯ್ಡ್‌ನಲ್ಲೇ ಮುಂದುವರಿದವು, 2021ರಲ್ಲಿ ಆ ಕಂಪನಿ ಫೋನಿನ ವ್ಯಾಪಾರವನ್ನೇ ಬಿಟ್ಟಿತು. ವೆಬ್‌ಓಎಸ್ ಮಾತ್ರ ಟಿವಿಯಲ್ಲಿ ಉಳಿಯಿತು, ಬೇರೆ ತಯಾರಕರಿಗೂ ಪರವಾನಗಿಯ ಮೇಲೆ ಹೋಗತೊಡಗಿತು. ಟಿವಿಯ ಮುಂದೆ ಕುಳಿತವನಿಗೆ ಬೇಕಾದದ್ದು ಹತ್ತು ಹನ್ನೆರಡು ಆ್ಯಪ್ ಮಾತ್ರ. ಲಕ್ಷ ಆ್ಯಪ್‌ಗಳಿಲ್ಲವೆಂಬ ಫೋನಿನ ಕಾಯಿಲೆ ಅಲ್ಲಿ ಕಾಯಿಲೆಯೇ ಅಲ್ಲ. ಕ್ಯೂಎನ್‌ಎಕ್ಸ್‌ನದೂ ಇದೇ ಕತೆ: ಬ್ಲ್ಯಾಕ್‌ಬೆರ್ರಿಯ ಆ ಫೋನುಗಳ ಸೇವೆ 2022ರ ಜನವರಿ 4ಕ್ಕೆ ನಿಂತಿತು, ಕ್ಯೂಎನ್‌ಎಕ್ಸ್ ಕೋಟಿಗಟ್ಟಲೆ ಕಾರುಗಳ ಒಳಗೆ ಓಡುತ್ತಿದೆ. ಸ್ಯಾಮ್‌ಸಂಗ್ 2015ರಲ್ಲಿ 5,700 ರೂಪಾಯಿಯ ಝಡ್1 ಫೋನಿನಲ್ಲಿ ಇಲ್ಲಿಗೆ ತಂದಿದ್ದ ಟೈಜೆನ್ ಎಂಬ ಆಪರೇಟಿಂಗ್ ಸಿಸ್ಟಂ ಕೂಡ ಈಗ ಉಳಿದಿರುವುದು ಮುಖ್ಯವಾಗಿ ಟಿವಿಗಳಲ್ಲಿ.

ಪಕ್ಕದ ತೋಟ ಮತ್ತೊಮ್ಮೆ ಕೈ ಬದಲಾಗಿ ಏಳೆಂಟು ವರ್ಷವಾಯಿತು. ಈಗಿನವರು ಸುಂಟಿಕೊಪ್ಪದ ಕಡೆಯವರು, ಮೆಣಸಿನ ಬಳ್ಳಿಯ ಕೆಲಸ ಬಲ್ಲವರು. ಸತ್ತ ಅರೇಬಿಕಾ ಗಿಡಗಳನ್ನೆಲ್ಲ ಕಿತ್ತು ಸುಟ್ಟರು, ನೆರಳಿಗೆಂದು ಬೆಳೆದು ನಿಂತಿದ್ದ ಸಿಲ್ವರ್ ಓಕ್ ಮರಗಳಿಗೆ ಕಾಳುಮೆಣಸಿನ ಬಳ್ಳಿ ಹಬ್ಬಿಸಿದರು. ಹಿಂದಿನ ಇಬ್ಬರೂ ಆ ಮರಗಳನ್ನು ಕಾಫಿಯ ನೆರಳೆಂದು ಮಾತ್ರ ನೋಡಿದ್ದರು. ಈ ಸಲ ದೊಡ್ಡಪ್ಪನ ಜೊತೆ ಬೇಲಿಯ ಪಕ್ಕ ನಡೆದುಹೋಗುವಾಗ ಲೈನ್ ಮನೆಗಳತ್ತ ನೋಡಿದೆ. ಮೂರು ಮನೆಗಳಿಂದ ಹೊಗೆ ಬರುತ್ತಿತ್ತು. ದೊಡ್ಡಪ್ಪನಿಗೆ ಈಗ ಎಂಬತ್ತರ ಮೇಲಾಯಿತು, ದೂರದ್ದು ಸರಿಯಾಗಿ ಕಾಣುವುದಿಲ್ಲ. "ಎಷ್ಟು?" ಎಂದು ಕೇಳಿದರು. ಹೇಳಿದೆ. "ಕೊಳೆರೋಗ ಬಾರದಿದ್ದರೆ ಆದೀತು" ಎಂದರು.

ಕರೆಂಟು ಬಂದ ಆ ಸಂಜೆ ಅಮ್ಮ ಇನ್ನೂ ನನ್ನ ಉತ್ತರಕ್ಕೆ ಕಾಯುತ್ತಿದ್ದಳು. ಅಪ್‌ಡೇಟಿನ ನಡುವೆ ಕರೆಂಟು ಹೋದರೆ ಟಿವಿ ಕೆಟ್ಟು ಕೂರುತ್ತದೆಂದು ಹೆದರಿ 'ಆಮೇಲೆ' ಎಂಬುದನ್ನು ಒತ್ತಿದೆ. ಧಾರಾವಾಹಿ ಶುರುವಾಯಿತು. ಮೊದಲ ಜಾಹೀರಾತು ಬರುವಷ್ಟರಲ್ಲಿ ಕರೆಂಟು ಮತ್ತೆ ಹೋಯಿತು.